ಒಂದೇ ಕಣಿವೆ, ಹದಿನೆಂಟು ಪಾಯಿಂಟು

"ಎರಡು ದಿನ, ಹದಿನೆಂಟು ಪಾಯಿಂಟ್. ಎಲ್ಲಾ ಎಕ್ಸೆಲ್‌ನಲ್ಲಿ ಹಾಕಿದ್ದೇನೆ ಕಾಕಾ," ಎಂದು ಪವ್ಯಾ ಲ್ಯಾಪ್‌ಟಾಪ್ ತಿರುಗಿಸಿದ.

ಬಂಡೂ ಕಾಕಾ ಕನ್ನಡಕವನ್ನು ಹಣೆಗೆ ಏರಿಸಿದರು. ಜಗಳಕ್ಕೆ ನಿಂತಾಗ ಮಾತ್ರ ಅದು ಅಲ್ಲಿಗೆ ಹೋಗುತ್ತದೆ. ಏಪ್ರಿಲ್ ಕೊನೆ, ಕರೆಂಟು ಬೇರೆ ಇರಲಿಲ್ಲ. ಮಾಳಮಡ್ಡಿಯ ಕಟ್ಟೆಯ ಮೇಲೆ ನಾವೆಲ್ಲ ಒಂದೊಂದು ಲಗ್ನಪತ್ರಿಕೆ ಹಿಡಿದು ಗಾಳಿ ಹಾಕಿಕೊಳ್ಳುತ್ತಿದ್ದೆವು. ಈಗಿನ ಲಗ್ನಪತ್ರಿಕೆಗಳು ದಪ್ಪ. ಮದುವೆಗೆ ಹೋಗದಿದ್ದರೂ ಬೇಸಿಗೆ ಕಳೆಯುತ್ತದೆ.

"ಐದೂವರೆಗೆ ವಿಲ್ಸನ್ ಪಾಯಿಂಟ್. ಏಳಕ್ಕೆ ನಾಷ್ಟಾ. ಎಂಟಕ್ಕೆ ಆರ್ಥರ್ ಸೀಟ್. ಒಂಬತ್ತೂವರೆಗೆ ಸಾವಿತ್ರಿ ಪಾಯಿಂಟ್. ಲೇ ತಮ್ಮಾ, ಇದು ಪ್ರವಾಸವೋ ಎಸ್ಸೆಸ್ಸೆಲ್ಸಿ ಟೈಮ್‌ಟೇಬಲ್ಲೋ? ಒಂದಕ್ಕೆ ಹೋಗುವುದು ಯಾವಾಗ?"

"ಅದು ಪಾಯಿಂಟಿನಿಂದ ಪಾಯಿಂಟಿಗೆ ಹೋಗುವಾಗ, ದಾರಿಯಲ್ಲಿ."

"ಹಾಗಾದರೆ ಹತ್ತೊಂಬತ್ತು ಬರೆ."

ಪವ್ಯಾ ಬೆಂಗಳೂರಿನ ಕೆಲಸವನ್ನು ಧಾರವಾಡದ ಮನೆಯಿಂದಲೇ ಮಾಡುವವನು. ಬೇಸಿಗೆ ಬಂದರೆ ಅವನ ತಲೆಯಲ್ಲಿ ಒಂದು ಟೆಂಪೋ ಟ್ರಾವೆಲರ್ ಓಡಲು ಶುರುವಾಗುತ್ತದೆ. ಈ ಸಲ ಅದು ಮಹಾರಾಷ್ಟ್ರದ ಗಿರಿಧಾಮ ಮಹಾಬಳೇಶ್ವರದ ಕಡೆ ಹೊರಟಿತ್ತು. ಹನ್ನೆರಡು ಸೀಟು, ಹತ್ತು ಭರ್ತಿ.

"ಊಟಿ ಯಾಕೆ ಬೇಡ?" ಎಂದರು ಶೆಟ್ಟರು.

"ಊಟಿಗೆ ಇ-ಪಾಸ್ ಬೇಕು ಶೆಟ್ಟರೇ. 2024ರ ಮೇ ತಿಂಗಳಿಂದ. ಮದ್ರಾಸ್ ಹೈಕೋರ್ಟ್ ಆದೇಶ. 2025ರ ಬೇಸಿಗೆಯಲ್ಲಿ ವಾರದ ದಿನ 6000 ಗಾಡಿ, ಶನಿವಾರ ಭಾನುವಾರ 8000 ಗಾಡಿ, ಅಷ್ಟೇ ಎಂದು ಮಿತಿ ಹಾಕಿದ್ದರು."

"ಅಷ್ಟೇ!" ಎಂದರು ಕಾಕಾ. "ಎಂಟು ಸಾವಿರ ಇಂಜಿನ್ನುಗಳು ಬಿಸಿಯಾಗಿ ಒಂದೇ ಗುಡ್ಡ ಹತ್ತಿದರೆ ತಂಪು ಅಲ್ಲಿ ಯಾಕೆ ನಿಲ್ಲುತ್ತದೆ? ಅದು ಹಿಂದಿನ ಬಾಗಿಲಿನಿಂದ ಟೀಸಿ ತೆಗೆದುಕೊಂಡು ಹೋಗಿರುತ್ತದೆ. ನೀವು ಅದನ್ನು ಹುಡುಕಿಕೊಂಡು ಮುಂದಿನ ಗುಡ್ಡಕ್ಕೆ ಹೋಗುತ್ತೀರಿ. ಮಹಾಬಳೇಶ್ವರಕ್ಕೂ ಕೋರ್ಟು ಬರುವವರೆಗೆ ನಡೆಯಲಿ."

ಶೆಟ್ಟರು ನಿಟ್ಟುಸಿರು ಬಿಟ್ಟರು. ಅವರು ಹೋದ ವರ್ಷ ಸಂಸಾರ ಸಮೇತ ಮಹಾಬಳೇಶ್ವರಕ್ಕೆ ಹೋಗಿ ಬಂದವರು. ಹುಬ್ಬಳ್ಳಿ ದುರ್ಗದ ಬೈಲಿನಲ್ಲಿ ಅವರ ಅಂಗಡಿ, ವ್ಯಾಪಾರದವರು. ಕಾಸು ಹಾಕಿದ ಮೇಲೆ ಮಾಲು ಚೆನ್ನಾಗಿಲ್ಲ ಎಂದು ಸುಲಭಕ್ಕೆ ಒಪ್ಪುವವರಲ್ಲ.

"ವಿಲ್ಸನ್ ಪಾಯಿಂಟಿಗೆ ಹೋಗಿದ್ದಿರಾ?" ಕಾಕಾ ಪಾಟೀಸವಾಲು ಶುರು ಮಾಡಿದರು.

"ಹೋಗಿದ್ದೆವಲ್ಲ. ನಸುಕಿನಲ್ಲಿ ಎದ್ದು, ಹುಡುಗರನ್ನು ಎಬ್ಬಿಸಿ. ಆ ಊರಿನಲ್ಲಿ ಅದೇ ಎಲ್ಲಕ್ಕಿಂತ ಎತ್ತರದ ಜಾಗ. ಸೂರ್ಯೋದಯ ಅಲ್ಲಿಯೇ ನೋಡಬೇಕು."

"ಸೂರ್ಯ ಬಂದನೇ?"

"ಬಂದ. ನನ್ನ ಮುಂದೆ ನಿಂತವನ ಮೊಬೈಲಿನಲ್ಲಿ ನೋಡಿದೆ."

"ಆಮೇಲೆ?"

"ಆಮೇಲೆ ಆರ್ಥರ್ ಸೀಟ್."

"ಅಲ್ಲಿ ಏನು ಕಾಣಿಸಿತು?"

"ಕಣಿವೆ."

"ಮುಂದಿನ ಪಾಯಿಂಟಿನಲ್ಲಿ?"

"ಅಲ್ಲಿಯೂ ಕಣಿವೆ."

"ಅದರ ಮುಂದಿನದರಲ್ಲಿ?"

ಶೆಟ್ಟರು ಸ್ವಲ್ಪ ಯೋಚಿಸಿದರು. "ಅದೇ ಕಣಿವೆ. ಸ್ವಲ್ಪ ಎಡಕ್ಕಿತ್ತು."

ಕಾಕಾ ಲಗ್ನಪತ್ರಿಕೆ ಬೀಸುವುದನ್ನು ನಿಲ್ಲಿಸಿದರು. ಗೆದ್ದವರ ಮುಖ. "ನೋಡು ಪವ್ಯಾ, ಕಣಿವೆ ಒಂದೇ. ಕಟಾಂಜನ ಹದಿನೆಂಟು. ಒಂದೊಂದು ಕಟಾಂಜನಕ್ಕೂ ಒಬ್ಬೊಬ್ಬ ಸಾಹೇಬನ ಹೆಸರು. ವಿಲ್ಸನ್ ನೋಡಿದ ಕಣಿವೆ ಬೇರೆ, ಲಾಡ್ವಿಕ್ ನೋಡಿದ ಕಣಿವೆ ಬೇರೆ ಎಂದು ಟ್ಯಾಕ್ಸಿಯವನು ಹೇಳುತ್ತಾನೆ, ನೀವು ಇಳಿದು ಹತ್ತಿ ಇಳಿದು ಹತ್ತಿ ದುಡ್ಡು ಕೊಡುತ್ತೀರಿ."

"ಕೇಟ್ಸ್ ಪಾಯಿಂಟ್ ಬೇರೆ ಕಾಕಾ," ಪವ್ಯಾ ಬಿಡಲಿಲ್ಲ. "ಅಲ್ಲಿಂದ ಬಂಡೆಯಲ್ಲಿ ತೂತು ಕಾಣುತ್ತದೆ. ನೀಡಲ್ ಹೋಲ್. ಅದನ್ನೇ ಎಲಿಫಂಟ್ ಹೆಡ್ ಎಂದೂ ಅನ್ನುತ್ತಾರೆ. ಅಲ್ಲೇ ಎಕೋ ಪಾಯಿಂಟ್ ಕೂಡ."

"ಮೂರೂ ಅಲ್ಲೇನಾ?"

"ಹೌದು, ಒಂದೇ ಪಾರ್ಕಿಂಗ್."

"ನಿನ್ನ ಎಕ್ಸೆಲ್‌ನಲ್ಲಿ?"

ಪವ್ಯಾ ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಂಡ. "ಮೂರು ಸಾಲು."

ಇಷ್ಟು ಹೊತ್ತು ಸುಮ್ಮನಿದ್ದ ಮಾಸ್ತರು ಗಂಟಲು ಸರಿಮಾಡಿಕೊಂಡರು. ನಿವೃತ್ತರಾದರೂ ಅವರಿಗೆ ಇಸವಿ ಇಲ್ಲದೆ ಚಹಾ ಇಳಿಯುವುದಿಲ್ಲ. "ಆ ಹೆಸರುಗಳಿಗೆ ಅರ್ಥ ಇದೆ ಬಂಡೂರಾಯರೇ. 1824ರಲ್ಲಿ ಲಾಡ್ವಿಕ್ ಎಂಬ ಫೌಜಿನ ಅಧಿಕಾರಿ ಮೊದಲು ಹತ್ತಿದ. 1828ರಲ್ಲಿ ಮುಂಬಯಿ ಗವರ್ನರ್ ಸರ್ ಜಾನ್ ಮಾಲ್ಕಮ್ ಅಲ್ಲಿ ಊರು ಕಟ್ಟಿಸಿದ. ಕಾಯಿಲೆ ಬಿದ್ದ ಬಿಳಿಯರು ಸುಧಾರಿಸಿಕೊಳ್ಳಲಿ ಎಂದು. ಕೇಟ್ ಎಂದರೆ ಅವನ ಮಗಳು. ಆಮೇಲೆ ಮುಂಬಯಿ ಸರಕಾರವೇ ಬೇಸಿಗೆಗೆ ಮಹಾಬಳೇಶ್ವರಕ್ಕೆ, ಮಳೆಗಾಲಕ್ಕೆ ಪುಣೆಗೆ ಹೋಗಿ ಕೂರುತ್ತಿತ್ತು."

"ಮತ್ತೆ 1956ರವರೆಗೆ ನಮ್ಮ ಧಾರವಾಡ ಮುಂಬಯಿಗೇ ಸೇರಿತ್ತಲ್ಲ?" ಎಂದೆ ನಾನು.

"ಅದನ್ನೇ ಹೇಳುತ್ತಿದ್ದೇನೆ," ಎಂದರು ಮಾಸ್ತರು. ಅವರು ಅದನ್ನು ಹೇಳುತ್ತಿರಲಿಲ್ಲ.

ಕಾಕಾಗೆ ಇದು ಭಾಳ ಹಿಡಿಸಿತು. "ಅಂದರೆ ನಮ್ಮ ಅಜ್ಜ ಇಲ್ಲಿ ಬೆವರು ಒರೆಸುತ್ತಾ ಅರ್ಜಿ ಬರೆದರೆ, ಅದು ಮಹಾಬಳೇಶ್ವರಕ್ಕೆ ಹೋಗಿ ತಂಪಿನಲ್ಲಿ ಕೂರುತ್ತಿತ್ತು. ಅರ್ಜಿಗೆ ಸಿಕ್ಕ ಭಾಗ್ಯ ಅಜ್ಜನಿಗೆ ಸಿಗಲಿಲ್ಲ. ಆದರೆ ಒಂದು ಮಾತು ಕೇಳಿ. ಆ ಸಾಹೇಬರು ಅಲ್ಲಿಗೆ ಹೋಗಿ ಏನು ಮಾಡುತ್ತಿದ್ದರು? ತಿಂಗಳುಗಟ್ಟಲೆ ಸುಮ್ನೆ ಕೂರುತ್ತಿದ್ದರು. ಒಬ್ಬನಿಗೆ ಒಂದು ಬಂಡೆ ಇಷ್ಟವಾಯಿತು, ದಿನಾ ಅಲ್ಲಿಗೇ ಹೋದ, ಅದಕ್ಕೆ ಅವನ ಹೆಸರೇ ಉಳಿಯಿತು. ಹದಿನೆಂಟು ಸಾಹೇಬರು ಸೇರಿ ಕೂತ ಜಾಗವನ್ನು ನಮ್ಮ ಪವ್ಯಾ ಒಬ್ಬನೇ ಎರಡು ದಿನದಲ್ಲಿ ನಿಂತು ಮುಗಿಸುತ್ತಾನೆ. ಕೂರುವುದಕ್ಕೆ ಅವನ ಎಕ್ಸೆಲ್‌ನಲ್ಲಿ ಜಾಗ ಎಲ್ಲಿದೆ?"

"ಆರ್ಥರ್ ಸೀಟ್ ಅಂದರೆ ಕೂತದ್ದೇ," ಎಂದರು ಮಾಸ್ತರು. "ಆರ್ಥರ್ ಮ್ಯಾಲೆಟ್ ಅಂತ. ಅವನ ಹೆಂಡತಿ, ಮಗು ಸಾವಿತ್ರಿ ನದಿಯಲ್ಲಿ ದೋಣಿ ಮುಳುಗಿ ಹೋದರಂತೆ. ಕೆಳಗೆ ಆ ಕಣಿವೆಯಲ್ಲೇ ಸಾವಿತ್ರಿ ಹರಿಯುವುದು. ಅವನು ಅಲ್ಲಿ ಬಂದು ಕೂತು ಅದನ್ನೇ ನೋಡುತ್ತಿದ್ದ ಎಂದು ಅಲ್ಲಿಯ ಜನ ಹೇಳುತ್ತಾರೆ."

ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

"ನಮಗೆ ಇದನ್ನು ಯಾರೂ ಹೇಳಲಿಲ್ಲ," ಎಂದರು ಶೆಟ್ಟರು. "ಅಲ್ಲಿ ಕೆಳಗಿನಿಂದ ಗಾಳಿ ಏರಿ ಬರುತ್ತದೆ. ಬಾಟಲಿ ಮುಚ್ಚಳ ಒಗೆದರೆ ಬೀಳುವುದಿಲ್ಲ, ತಿರುಗಿ ಮೇಲೆ ಬರುತ್ತದೆ. ಟ್ಯಾಕ್ಸಿಯವ ಅದನ್ನೇ ತೋರಿಸಿದ. ನಮ್ಮ ಹುಡುಗರು ಒಂದು ಚೀಲ ಮುಚ್ಚಳ ಒಗೆದರು."

"ಒಗೆಯಲಿ ಬಿಡಿ," ಎಂದರು ಕಾಕಾ. ದನಿ ಸ್ವಲ್ಪ ಇಳಿದಿತ್ತು. "ಹುಡುಗರು ಒಗೆಯುತ್ತಾರೆ. ಆದರೆ ನಾವು ಅಲ್ಲಿ ಹತ್ತು ನಿಮಿಷ ಬಾಯಿ ಮುಚ್ಚಿ ಕೂತಿದ್ದರೆ ಆ ಸಾಹೇಬನ ಕಥೆ ತಾನಾಗಿಯೇ ಯಾರೋ ಹೇಳುತ್ತಿದ್ದರು."

ಒಳಗಿಂದ ಕಾಕು ಮಜ್ಜಿಗೆ ತಂದರು. ತಟ್ಟೆ ಇಡುತ್ತಾ ಲ್ಯಾಪ್‌ಟಾಪಿನ ಕಡೆ ನೋಡಿ, "ಎಷ್ಟು ಸೀಟು ಉಳಿದಿವೆ ಪವ್ಯಾ?" ಎಂದರು.

"ಎರಡು ಕಾಕು."

"ಮದುವೆಯಾದ ವರ್ಷ ಇವರು ಮಹಾಬಳೇಶ್ವರಕ್ಕೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದರು."

"ಹೋಗೋಣ ಎಂದು ಎಲ್‌ಟಿಸಿ ಹಾಕಿದ್ದೆನಲ್ಲ," ಎಂದರು ಕಾಕಾ.

"ಹಾಕಿ ಅತ್ತೆಯವರನ್ನು ಕಾಶಿಗೆ ಕರೆದುಕೊಂಡು ಹೋದಿರಿ."

ಈ ವಿಷಯ ಹೆಚ್ಚು ಬೆಳೆಯಬಾರದೆಂದು ಕಾಕಾ ಮಜ್ಜಿಗೆಯನ್ನು ಒಂದೇ ಗುಟುಕಿಗೆ ಏರಿಸಿದರು.

ಶೆಟ್ಟರು ಆ ಪ್ರವಾಸದಲ್ಲಿ ಒಂದು ಒಳ್ಳೆಯ ಸಂಗತಿಯೂ ಆಯಿತು ಎಂದರು. ಅವರ ಬೀಗರು ಹುಬ್ಬಳ್ಳಿಯಲ್ಲಿ ಎರಡು ಓಣಿ ಆಚೆ ಇದ್ದಾರೆ. ಬಹಳ ದಿನದಿಂದ ಮಾತು ಬಿಟ್ಟಿತ್ತು. ವೆಣ್ಣಾ ಕೆರೆಯ ಮುಂದೆ ಟ್ರಾಫಿಕ್ ಜಾಮ್‌ನಲ್ಲಿ ಇವರ ಗಾಡಿಯ ಪಕ್ಕಕ್ಕೇ ಅವರ ಗಾಡಿ ಬಂದು ನಿಂತಿತು. ಎಷ್ಟು ಹೊತ್ತು ಅಂತ ಮುಖ ತಿರುಗಿಸುವುದು? ಒಂದು ತಾಸಾದ ಮೇಲೆ ಬೀಗರೇ ಗಾಜು ಇಳಿಸಿ, ಸುಟ್ಟ ಜೋಳದ ತೆನೆ ಕೊಟ್ಟರು. ಸಂಬಂಧ ಸರಿಹೋಯಿತು.

"ಹಾಗಿದ್ದರೆ ಅದೊಂದು ನಿಜವಾದ ಪಾಯಿಂಟು," ಎಂದರು ಕಾಕಾ. "ಬೀಗರ ಪಾಯಿಂಟ್. ಥಂಡಿ ಹೇಗಿತ್ತು?"

"ಟ್ರಂಕಿನಿಂದ ಸ್ವೆಟರ್ ತೆಗೆದು ಒಯ್ದಿದ್ದೆವು. ಹಗಲೆಲ್ಲ ಬಿಸಿಲೇ. ಸ್ವೆಟರ್ ಗಾಡಿಯಲ್ಲಿ ತಲೆದಿಂಬಾಯಿತು. ರಾತ್ರಿ ಮಾತ್ರ ಚೆಂದ ಇತ್ತು ನೋಡಿ. ಆದರೆ ರಾತ್ರಿ ಬೇಗ ಮಲಗಬೇಕಿತ್ತಲ್ಲ, ಮುಂಜಾನೆ ಐದೂವರೆಯ ಪಾಯಿಂಟಿಗೆ."

"ಸ್ಟ್ರಾಬೆರಿ?" ಎಂದು ನಾನು ಕೇಳಿದೆ. ನನಗೆ ಆಸೆ ಇರುವುದು ಅದೊಂದರ ಮೇಲೆಯೇ.

"ಮೇ ತಿಂಗಳಿಗೆ ಅದರ ಕಾಲ ಮುಗಿಯುತ್ತದಂತೆ. ಚಳಿಗಾಲದ ಹಣ್ಣು ಅದು. ಜಾಮ್ ಬಾಟಲಿ ತಂದೆವು. ಆ ಜಾಮ್ ನಮ್ಮ ಅಂಗಡಿಯ ಪಕ್ಕದಲ್ಲೇ ಸಿಗುತ್ತದೆ, ಬಂದ ಮೇಲೆ ಗೊತ್ತಾಯಿತು."

ಮಾಸ್ತರಿಗೆ ಮಾತು ಜಾಮ್ ಕಡೆ ಹೋದದ್ದು ಸೇರಲಿಲ್ಲ. "ನೀವೆಲ್ಲ ನೋಡಬೇಕಾದದ್ದು ಪಂಚಗಂಗಾ ಗುಡಿ. ಹಳೇ ಮಹಾಬಳೇಶ್ವರದಲ್ಲಿದೆ. ಕೃಷ್ಣಾ, ಕೊಯ್ನಾ, ವೆಣ್ಣಾ, ಸಾವಿತ್ರಿ, ಗಾಯತ್ರಿ, ಐದೂ ನದಿ ಕಲ್ಲಿನ ಆಕಳ ಬಾಯಿಂದ ಒಂದೇ ಧಾರೆಯಾಗಿ ಬೀಳುತ್ತವೆ. ನಮ್ಮ ಕೃಷ್ಣೆಯ ಮೂಲ."

"ನಮ್ಮ ನಳದ ನೀರು ಯಾವ ನದಿಯದು ಮಾಸ್ತರೇ?" ಎಂದರು ಕಾಕಾ.

"ಮಲಪ್ರಭೆ. ಕಣಕುಂಬಿಯಲ್ಲಿ ಹುಟ್ಟಿ, ಸವದತ್ತಿಯ ಅಣೆಕಟ್ಟಿಗೆ ಬಂದು, ಮುಂದೆ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತಾಳೆ."

"ನೋಡಿ ನಮ್ಮ ಭಕ್ತಿ! ಕೃಷ್ಣೆಗೆ ಹೊರಟ ನೀರನ್ನು ಸವದತ್ತಿಯಲ್ಲಿ ಹಿಡಿದು ತಂದು ಸ್ಕೂಟರ್ ತೊಳೆಯುತ್ತೇವೆ. ಆಮೇಲೆ ಟೆಂಪೋ ಮಾಡಿಕೊಂಡು ಕೃಷ್ಣೆಯ ಹುಟ್ಟೂರಿಗೆ ಹೋಗಿ ತಲೆಗೆ ತೀರ್ಥ ಪ್ರೋಕ್ಷಣೆ ಮಾಡಿಕೊಳ್ಳುತ್ತೇವೆ. ಹೋಗಿ ಬರಲು 700 ಕಿಲೋಮೀಟರ್ ಮೇಲೆ. ಇಲ್ಲಿ ಸೋಮೇಶ್ವರ ಗುಡಿಯಲ್ಲಿ ಶಾಲ್ಮಲೆ ಹುಟ್ಟುತ್ತಾಳಲ್ಲ, ನಮ್ಮೂರ ಮಗಳು. ಕಲಘಟಗಿ ಕಡೆ ಬೇಡ್ತಿಗೆ ಸೇರಿ, ಮಾಗೋಡಿನಲ್ಲಿ ಧುಮುಕಿ, ಸಮುದ್ರದವರೆಗೆ ಹೋಗುತ್ತಾಳೆ. ಪವ್ಯಾ, ಆ ಗುಡಿಗೆ ಯಾವಾಗ ಹೋಗಿದ್ದಿ?"

"ಜವಳಕ್ಕೆ."

"ಯಾರ ಜವಳ?"

"ನನ್ನದೇ."

ಆಗ ಮಾಸ್ತರು ಒಂದು ಮಾತು ಹೇಳಿದರು. ಅದನ್ನು ಹೇಳದೇ ಇದ್ದಿದ್ದರೆ ಆ ಸಂಜೆ ಅಲ್ಲಿಗೇ ಮುಗಿಯುತ್ತಿತ್ತು. "ಇನ್ನೊಂದು ಗೊತ್ತೇ? ನಮ್ಮ ಕರ್ನಾಟಕ ವಿಶ್ವವಿದ್ಯಾಲಯ ಇರುವ ಗುಡ್ಡಕ್ಕೆ ಛೋಟಾ ಮಹಾಬಳೇಶ್ವರ ಎಂದು ಹೆಸರಿತ್ತು."

ಕಾಕಾ ಎದ್ದು ನಿಂತರು. ಕನ್ನಡಕ ಹಣೆಯಿಂದ ಜಾರಿ ತಾನೇ ಮೂಗಿಗೆ ಬಂತು.

"ಛೋಟಾ ಮಹಾಬಳೇಶ್ವರ! ನಮ್ಮ ಮನೆಯಿಂದ ಒಂದು ಆಟೋ ದಾರಿ! ದೊಡ್ಡದನ್ನು ನೋಡುವ ಮೊದಲು ಸಣ್ಣದನ್ನು ಮುಗಿಸಬೇಡವೇ? ಪವ್ಯಾ, ಎಕ್ಸೆಲ್ ತೆಗೆ. ಹೊಸ ಹಾಳೆ. ಮೇಲೆ ಬರೆ, ಧಾರವಾಡ ದರ್ಶನ."

ಪವ್ಯಾ ನಗುತ್ತಾ ಬೆರಳು ಇಟ್ಟ.

"ಒಂದು. ಸನ್‌ರೈಸ್ ಪಾಯಿಂಟ್. ನಮ್ಮ ಮಾಳಿಗೆ. ಕಾಕುವಿನ ಸಂಡಿಗೆ ತುಳಿಯದೆ ನಿಲ್ಲಬೇಕು, ಅದೇ ಸಾಹಸ. ಎರಡು. ನೀಡಲ್ ಹೋಲ್. ಸಂಜೆ ಆರಕ್ಕೆ ಟಿಕಾರೆ ರಸ್ತೆಯಲ್ಲಿ ಆಟೋ ಹೊಕ್ಕು ಹೊರಗೆ ಬರುವುದು. ಮೂರು. ಎಕೋ ಪಾಯಿಂಟ್. ನಮ್ಮ ಓಣಿಯ ನಳ. ಒಬ್ಬರು 'ನೀರು ಬಂತು' ಎಂದು ಕೂಗಿದರೆ ಇಡೀ ಓಣಿ ಅದನ್ನೇ ತಿರುಗಿ ಕೂಗುತ್ತದೆ. ಮಹಾಬಳೇಶ್ವರದ ಎಕೋ ದಿನಾ ಕೇಳುತ್ತದೆ, ಅದಕ್ಕೆ ಬೆಲೆ ಇಲ್ಲ. ನಮ್ಮದು ವಾರಕ್ಕೊಮ್ಮೆ."

"ವ್ಯಾಲಿ ವ್ಯೂ?" ಎಂದರು ಶೆಟ್ಟರು. ಅವರಿಗೂ ಹುರುಪು ಬಂದಿತ್ತು.

"ನಮ್ಮ ಮನೆಯ ಮುಂದೆಯೇ ಇದೆಯಲ್ಲ! ಪೈಪು ಹಾಕಲು ಅಗೆದು ಹೋದರು, ಮುಚ್ಚಲು ಇನ್ನೂ ಬಂದಿಲ್ಲ. ಅದಕ್ಕೂ ಹಳದಿ ಪಟ್ಟಿಯ ಕಟಾಂಜನ ಇದೆ. ಅಂಚಿಗೆ ನಿಂತರೆ ತಲೆ ತಿರುಗುತ್ತದೆ. ಮಳೆಗಾಲದಲ್ಲಿ ಅದೇ ವೆಣ್ಣಾ ಕೆರೆ. ದೋಣಿ ಒಂದು ಬಿಟ್ಟರೆ ಆಯಿತು."

"ಆರ್ಥರ್ ಸೀಟ್?"

ಕಾಕಾ ಕಟ್ಟೆಯ ಮೂಲೆಯಲ್ಲಿದ್ದ ತಮ್ಮ ಆರಾಮ ಕುರ್ಚಿಯನ್ನು ತೋರಿಸಿದರು. ಅದರ ಬೆತ್ತ ಒಂದು ಕಡೆ ಹರಿದು, ನಾರಿನ ಹಗ್ಗದಿಂದ ಕಟ್ಟಿದ್ದರು. "ಬಂಡೂ ಸೀಟ್. ಇಲ್ಲಿ ಕೂತು ಇಪ್ಪತ್ತು ವರ್ಷದಿಂದ ಎದುರಿನ ಮನೆ ನೋಡುತ್ತಿದ್ದೇನೆ. ಆ ಮನೆಯವರಿಗೂ ಅಭ್ಯಾಸವಾಗಿದೆ."

"ಟ್ರೆಕಿಂಗ್ ಇಲ್ಲವಲ್ಲ ಕಾಕಾ," ಎಂದ ಪವ್ಯಾ.

"ಅದಕ್ಕೆ ಹುಬ್ಬಳ್ಳಿ. 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಮಾಡಿದ್ದಾರಲ್ಲ ಸ್ಟೇಷನ್‌ನಲ್ಲಿ, ಜಗತ್ತಿಗೇ ಉದ್ದದ್ದು. ಎಸ್-2 ಇಲ್ಲಿ ಬರುತ್ತದೆಂದು ಈ ತುದಿಗೆ ನಿಲ್ಲು. ಅದು ಆ ತುದಿಗೆ ಬರಲಿ. ಎರಡು ಬ್ಯಾಗು, ಒಂದು ಉಪ್ಪಿನಕಾಯಿ ಭರಣಿ, ಜೊತೆಗೆ ನಿನ್ನ ಅತ್ತೆ. ಅದಕ್ಕಿಂತ ದೊಡ್ಡ ಟ್ರೆಕ್ ಸಹ್ಯಾದ್ರಿಯಲ್ಲಿಯೂ ಇಲ್ಲ."

ಎಲ್ಲರೂ ನಕ್ಕೆವು. ಮಾಸ್ತರು ಕೂಡ. ನಗು ಇಳಿದ ಮೇಲೆ ಅವರೇ ಮೆಲ್ಲಗೆ, "ಹಾಸ್ಯ ಇರಲಿ, ಆ ಗುಡ್ಡಕ್ಕೆ ಆ ಹೆಸರು ಸುಮ್ನೆ ಬಂದಿರಲಿಲ್ಲ," ಎಂದರು.

ಕಾಕಾ ಕುರ್ಚಿಯಲ್ಲಿ ಕೂತರು. "ಅದೂ ನಿಜವೇ. ಸೂಟಿ ಬಿದ್ದರೆ ಬಿಜಾಪುರ, ಬಾಗಲಕೋಟೆ, ಗದಗಿನ ನೆಂಟರೆಲ್ಲ ನಮ್ಮ ಮನೆಗೆ ಬರುತ್ತಿದ್ದರು. ಧಾರವಾಡ ತಂಪು ಎಂದು. ಮೇ ತಿಂಗಳಲ್ಲಿ ಮಾಳಿಗೆಯ ಮೇಲೆ ಸಾಲಾಗಿ ಮಲಗುತ್ತಿದ್ದೆವು, ನಸುಕಿಗೆ ಕೌದಿಗೆ ಜಗಳ. ಕೌದಿ ಚಿಕ್ಕದು, ಹುಡುಗರು ಜಾಸ್ತಿ. ಮಧ್ಯಾಹ್ನ ಬಿಸಿಲು ಬಿದ್ದರೆ ಸಂಜೆಗೆ ಅಡ್ಡಮಳೆ ಬಂದೇ ಬರುತ್ತಿತ್ತು. ಫ್ಯಾನ್ ಇದ್ದವರ ಮನೆ ಕಂಡರೆ ಇವರೇನು ಹುಬ್ಬಳ್ಳಿಯವರೇ ಎಂದು ನಗುತ್ತಿದ್ದೆವು."

"ನಮ್ಮನ್ನು ಯಾಕೆ ಎಳೆಯುತ್ತೀರಿ?" ಎಂದರು ಶೆಟ್ಟರು.

"ಎಳೆಯುವುದು ಏನಿದೆ, ಈಗ ಎರಡೂ ಊರು ಒಂದೇ ಕಾವಲಿಯಲ್ಲಿ ಕೂತಿವೆ. ಹುಬ್ಬಳ್ಳಿ ರಸ್ತೆಯಲ್ಲಿ ಹೋಗುವಾಗ ಎರಡೂ ಕಡೆ ಮರ ಇತ್ತಲ್ಲ, ಬಸ್ಸಿನ ಕಿಟಕಿಗೆ ಟೊಂಗೆ ಬಡಿಯುತ್ತಿತ್ತು. ರಸ್ತೆ ಅಗಲವಾಯಿತು, ಬೇಗ ಮುಟ್ಟುತ್ತೇವೆ. ಬೇಗ ಮುಟ್ಟಿ ಏನು ಮಾಡುತ್ತೇವೆ? ಮರ ನೋಡಲು ಮಹಾಬಳೇಶ್ವರಕ್ಕೆ ಗಾಡಿ ಬುಕ್ ಮಾಡುತ್ತೇವೆ."

"ನಮ್ಮ ಹಿತ್ತಲಿನ ಹಲಸಿನ ಮರ ಕಡಿಸಿದವರು ಯಾರು?" ಒಳಗಿನಿಂದ ಕಾಕುವಿನ ದನಿ ಬಂತು.

"ಅದು ಕಾರ್ ಪಾರ್ಕಿಂಗ್‌ಗೆ," ಎಂದರು ಕಾಕಾ. ಸ್ವಲ್ಪ ತಡೆದು, "ಬಾಡಿಗೆಯವರ ಕಾರು," ಎಂದು ಸೇರಿಸಿದರು.

ಮಾತು ಅಲ್ಲಿಂದ ಹಲಸಿನ ಹಣ್ಣಿಗೆ, ಹಲಸಿನಿಂದ ಆಪೂಸಿಗೆ, ಆಪೂಸಿನಿಂದ ಈ ಸಲದ ದರಕ್ಕೆ ಹೋಯಿತು. ಧಾರವಾಡದ ಆಪೂಸನ್ನು ರತ್ನಾಗಿರಿ ಎಂದು ಹೇಳಿ ಮಾರುತ್ತಾರೆ ಎಂದು ಶೆಟ್ಟರು. ರತ್ನಾಗಿರಿಯದನ್ನು ಧಾರವಾಡ ಎಂದು ಹೇಳಿ ಯಾರೂ ಮಾರುವುದಿಲ್ಲ ಎಂಬ ಸಂಕಟ ಮಾಸ್ತರದು. ಕಪ್ಪತಗುಡ್ಡಕ್ಕೆ ಒಂದು ದಿನದ ಮಟ್ಟಿಗೆ ಹೋಗೋಣವೇ ಎಂದು ನಾನು ಕೇಳಿದೆ. ಬೇಸಿಗೆಯಲ್ಲಿ ಗದಗಿನ ಕಡೆ ಹೋಗುವವನು ನೀನೊಬ್ಬನೇ ಎಂದು ಎಲ್ಲರೂ ಒಟ್ಟಿಗೆ ಹೇಳಿದರು.

ಅಷ್ಟರಲ್ಲಿ ಕಾಕಾರ ಫೋನು ಬಡಿಯಿತು. ಬಿಜಾಪುರದಿಂದ ತಮ್ಮ ವಾಸು. ಕಾಕಾಗೆ ಕಿವಿ ಮಂದ, ಸ್ಪೀಕರ್ ಹಾಕಿಯೇ ಮಾತಾಡುತ್ತಾರೆ. ಅವರ ಮನೆಯ ವಿಷಯ ಓಣಿಗೆಲ್ಲ ಗೊತ್ತಿರುವುದು ಹಾಗೆಯೇ.

"ಅಣ್ಣಾ, ಇಲ್ಲಿ ಬೆಂಕಿ ಬೀಳುತ್ತಿದೆ. ಹುಡುಗರಿಗೆ ಸೂಟಿ ಬಿದ್ದಿದೆ. ಎಂಟು ದಿನ ನಿಮ್ಮಲ್ಲಿಗೆ ಬರೋಣ ಎಂದು ಮಾಡಿದ್ದೇವೆ. ನಿಮ್ಮದು ತಂಪು ಊರು."

ಕಾಕಾ ನಮ್ಮೆಲ್ಲರ ಮುಖ ನೋಡಿದರು. ಆಮೇಲೆ ಕೈಯಲ್ಲಿದ್ದ ಲಗ್ನಪತ್ರಿಕೆ ನೋಡಿದರು. ಅವರ ಕಣ್ಣಿನಲ್ಲಿ ಏನೋ ಹೊಳೆಯಿತು. ನಿಜವಾಗಿ ಸಂತೋಷವೇ ಇರಬೇಕು. ಧಾರವಾಡ ತಂಪು ಎಂದು ನಂಬಿದವರು ಇನ್ನೂ ಇದ್ದಾರಲ್ಲ ಎಂದು.

"ಬಾರೋ ವಾಸ್ಯಾ, ಬಾ. ಎಷ್ಟು ಮಂದಿ?"

"ನಾವು ನಾಲ್ಕು, ಮಗಳು ಅಳಿಯ, ಅವರ ಎರಡು ಹುಡುಗರು. ಅಳಿಯನ ತಾಯಿಯೂ ಬರುತ್ತಾರೆ. ಮುಂದಿನ ಶುಕ್ರವಾರ."

"ಬರ್ರಿ, ಎಲ್ಲಾ ಬರ್ರಿ. ಇಲ್ಲಿ ನೋಡಲು ಬೇಕಾದಷ್ಟು ಪಾಯಿಂಟ್ ಇವೆ," ಎಂದುಬಿಟ್ಟರು ಕಾಕಾ. ಫೋನು ಇಟ್ಟ ಮೇಲೆ ಬೆರಳು ಮಡಚಿ ಎಣಿಸಿದರು. ಒಂಬತ್ತಾಯಿತು. ಮತ್ತೊಮ್ಮೆ ಎಣಿಸಿದರು. ಆಗಲೂ ಒಂಬತ್ತೇ.

ಬಾಗಿಲಲ್ಲಿ ಕಾಕು ನಿಂತಿದ್ದರು. ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದು ಪವ್ಯಾನ ಪಕ್ಕ ಕೂತರು.

"ಪವ್ಯಾ, ನಿಮ್ಮ ಗಾಡಿ ಯಾವಾಗ ಹೊರಡುವುದು?"

"ಗುರುವಾರ ರಾತ್ರಿ, ಕಾಕು."

"ಒಂದು ಸೀಟು ನನ್ನ ಹೆಸರಿಗೆ ಬರೆ. ಕಿಟಕಿ ಕಡೆಯದು."

"ಅಲ್ಲವೇ, ಶುಕ್ರವಾರ ವಾಸು..." ಎಂದು ಕಾಕಾ ಎದ್ದರು.

"ಬರಲಿ. ನಿಮ್ಮ ತಮ್ಮ, ನಿಮ್ಮ ಊರು, ತಂಪೂ ನಿಮ್ಮದೇ. ದರ್ಶನ ಮಾಡಿಸಲು ನೀವಿದ್ದೀರಿ. ಮಾಳಿಗೆ ಮೇಲೆ ಸನ್‌ರೈಸ್ ತೋರಿಸಿ, ನಳದ ಹತ್ತಿರ ಎಕೋ ಕೇಳಿಸಿ. ಅಳಿಯನ ತಾಯಿಯನ್ನು ಆ ಕುರ್ಚಿಯಲ್ಲಿ ಕೂರಿಸಿ."

"ಮತ್ತೆ ಒಂಬತ್ತು ಮಂದಿಗೆ ಅಡಿಗೆ?"

ಕಾಕು ಎಕ್ಸೆಲ್ ಕಡೆ ಬೆರಳು ಮಾಡಿದರು. "ಪವ್ಯಾ, ಕಾಕಾರ ಪಟ್ಟಿಗೆ ಇನ್ನೊಂದು ಸಾಲು ಸೇರಿಸು. ಏಳು. ನಮ್ಮ ಅಡಿಗೆಮನೆ. ಅದೊಂದು ಪಾಯಿಂಟನ್ನು ಇವರು ಇನ್ನೂ ನೋಡಿಲ್ಲ."